ಗೌಡಗೆರೆಯ ಎಮ್ಮೆ ತಿದ್ದುಪಡಿ

ಹೋದ ತಿಂಗಳು ಹಳೆಯ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆಂದು ಗೌಡಗೆರೆಗೆ ಹೋಗಿದ್ದೆ. ಬಸ್ಸಿಳಿಯುತ್ತಿದ್ದಂತೆ, ಕಿತ್ತು ಗುಡ್ಡೆ ಹಾಕಿದ ಕಡ್ಲೆಕಾಯಿ ಗಿಡದ ವಾಸನೆ ಮೂಗಿಗೆ ಹೊಡೆಯಿತು. ಹಸಿ ಮಣ್ಣು, ಬಾಡಿದ ಎಲೆ, ಎಳೆ ಕಾಯಿ ಎಲ್ಲ ಸೇರಿದ ವಾಸನೆ. ಕೊರಟಗೆರೆಯ ನನ್ನ ಅಡುಗೆಮನೆಯಲ್ಲಿ ಎಷ್ಟು ಕಡ್ಲೆಕಾಯಿ ಬೇಯಿಸಿದರೂ ಅದು ಬರುವುದಿಲ್ಲ. ಗೃಹಪ್ರವೇಶದ ಊಟಕ್ಕೆ ಕೂತು ಪಾಯಸ ಸುರಿಯುವಾಗಲೂ ನನ್ನ ತಲೆಯಲ್ಲಿ ಓಡುತ್ತಿದ್ದುದು ನಾನು ಆ ಊರಲ್ಲಿ ಮೇಡಮ್ಮಾಗಿ ಕಳೆದ ಒಂದೇ ವರ್ಷ. ಅದರಲ್ಲೂ ಕಡ್ಲೆಕಾಯಿ ಕೀಳುವ ಕಾಲಕ್ಕೆ ಸರಿಯಾಗಿ ನಾವೆಲ್ಲ ಸೇರಿ ಒಂದು ಪರದೇಶದ ಸರ್ಕಾರವನ್ನು ಭಯೋತ್ಪಾದನೆಯ ಪೋಷಕ ಎಂದು ಘೋಷಿಸಲು ಹೊರಟಿದ್ದು.

ಕೊರೊನಾ ಕಳೆದು ಶಾಲೆಗಳು ಹಳೆಯ ಗಲಾಟೆಗೆ ಮರಳಿದ್ದ ಕಾಲ. ನಾನು ಕೊರಟಗೆರೆಯಲ್ಲಿ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಂಡು ಆರಾಮಾಗಿದ್ದೆ. ಇಲಾಖೆಯವರು ಒಂದು ದಿನ ನನ್ನನ್ನು ‘ಹೆಚ್ಚುವರಿ ಶಿಕ್ಷಕಿ’ ಎಂದು ಕರೆದು ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿಯ ಹೈಸ್ಕೂಲೊಂದಕ್ಕೆ ಎತ್ತಿ ಹಾಕಿದರು. ಅರ್ಧ ಆಯಸ್ಸು ಪಾಠ ಹೇಳಿದವಳನ್ನು ಹೆಚ್ಚುವರಿ ಅಂದರೆ ಹೇಗಿರುತ್ತದೆ? ನಮ್ಮ ಯಜಮಾನರು ಆ ಪದವನ್ನು ಮನೆಯಲ್ಲಿ ಒಂದು ಸಲ ತಮಾಷೆಗೆ ಬಳಸಿದರು, ಮತ್ತೆ ಬಳಸಲಿಲ್ಲ. ದಿನಾ ಓಡಾಡಲಾಗದೆ ನಾನು ಗೌಡಗೆರೆಯಲ್ಲಿ ಗೌರಮ್ಮ ಎನ್ನುವವರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದೆ. ಶನಿವಾರ ಮಧ್ಯಾಹ್ನ ಊರಿಗೆ ಓಡುವುದು, ಸೋಮವಾರ ಬೆಳಿಗ್ಗೆ ಸಿಟ್ಟು ಹೊತ್ತುಕೊಂಡು ವಾಪಸ್ ಬರುವುದು.

ಗೌರಮ್ಮನವರಿಗೂ ಗೋಡೆಯಾಚೆಗಿನ ಓರಗಿತ್ತಿ ತಿಮ್ಮಕ್ಕನಿಗೂ ಮಾತಿರಲಿಲ್ಲ. ಬಚ್ಚಲ ನೀರು ಯಾರ ಮನೆ ಮುಂದೆ ಹರಿಯಬೇಕು ಅನ್ನುವುದರ ಮೇಲೆ ಶುರುವಾದ ಜಗಳ ಪಂಚಾಯ್ತಿ ಕಂಡು, ಪೊಲೀಸ್ ಸ್ಟೇಷನ್ ಕಂಡು, ಕೊನೆಗೆ ಮಾತು ಬಿಡುವಲ್ಲಿಗೆ ನಿಂತಿತ್ತು. ಆದರೆ ಮಾತು ಬಿಟ್ಟವರಿಗೂ ನಲ್ಲಿ ನೀರು ಬರುವ ಸಮಾಚಾರ, ರೇಷನ್ ಕೊಡುವ ಸಮಾಚಾರ ಬೇಕಲ್ಲ. ಅದಕ್ಕೆ ಗೌರಮ್ಮನವರು ಅಂಗಳಕ್ಕೆ ಬಂದು, ಗೂಟಕ್ಕೆ ಕಟ್ಟಿದ ಎಮ್ಮೆಯ ಮುಂದೆ ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಿದ್ದರು.

“ಲೇ ಎಮ್ಮೆ, ನಾಳೀಕೆ ಕರೆಂಟ್ ಇರಾಕಿಲ್ವಂತೆ ಕಣೇ. ಹಿಟ್ಟು ಬೀಸುಸ್ಕಳಾದಿದ್ರೆ ಇವತ್ತೇ ಬೀಸುಸ್ಕಬೇಕಂತೆ.”

ಎಮ್ಮೆ ಮೆಲುಕು ಹಾಕುತ್ತಿತ್ತು. ಗೋಡೆಯಾಚೆ ತಿಮ್ಮಕ್ಕ ರಾಗಿ ಡಬ್ಬ ಎತ್ತಿಕೊಂಡು ಮಿಲ್ಲಿಗೆ ಹೊರಡುತ್ತಿದ್ದಳು. ಅವಳ ಕಡೆಯ ಉತ್ತರ ಕೋಳಿಯ ಮೂಲಕ ಬರುತ್ತಿತ್ತು. ಇದರಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಮನುಷ್ಯರ ಬಾಯಲ್ಲಿ ಹೇಳಿ ಕಳಿಸಿದರೆ ಸೋತಂತೆ, ಎಮ್ಮೆಗೆ ಹೇಳಿದರೆ ಅದು ಲೆಕ್ಕಕ್ಕಿಲ್ಲ. ಮೊದಲ ವಾರ ನಾನು ಇದನ್ನು ತಿಳಿಯದೆ, ಎಮ್ಮೆಗೆ ಹೇಳಿದ್ದಕ್ಕೆಲ್ಲ ನಾನೇ ಒಳಗಿನಿಂದ “ಹೌದಾ?” ಎಂದು ಉತ್ತರ ಕೊಟ್ಟು ಗೌರಮ್ಮನವರಿಂದ ಬೈಸಿಕೊಂಡೆ.

ದಸರಾ ರಜೆ ಮುಗಿದ ಮೇಲೆ ಸುತ್ತೋಲೆ ಬಂತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಸೇರಿ ಮಧುಗಿರಿ ನಮಗೆ ಶೈಕ್ಷಣಿಕ ಜಿಲ್ಲೆ. ಹೊಸದಾಗಿ ಬಂದಿದ್ದ ಉತ್ಸಾಹಿ ಅಧಿಕಾರಿಯೊಬ್ಬರು ನಾಲ್ಕು ತಾಲ್ಲೂಕಿನ ನಾಲ್ಕು ಶಾಲೆ ಆರಿಸಿ, ಎಲ್ಲ ಮಕ್ಕಳನ್ನೂ ಸೇರಿಸಿ ಮಧುಗಿರಿಯಲ್ಲಿ ಒಂದೇ ಒಂದು ಅಣಕು ಸಂಸತ್ತು ನಡೆಸಬೇಕೆಂದು ತೀರ್ಮಾನಿಸಿದ್ದರು. ಯಾರು ಯಾವ ಪಕ್ಷ ಎಂಬುದಕ್ಕೆ ಚೀಟಿ. ನಮ್ಮ ಹೆಡ್ ಮಾಸ್ಟ್ರು ರಂಗಸ್ವಾಮಯ್ಯನವರು ಚೀಟಿ ಎತ್ತಲು ಹೋಗಿ, ಸಂಜೆ ಮುಖ ಇಷ್ಟು ಸಣ್ಣ ಮಾಡಿಕೊಂಡು ಬಂದರು.

“ಕೆಟ್ಟೆ ಮೇಡಂ. ಆಡಳಿತ ಪಕ್ಷ ಕೊರಟಗೆರೆಯೋರಿಗೆ ಹೋಯ್ತು. ಸಭಾಧ್ಯಕ್ಷರು ಮಧುಗಿರಿ. ಪಾವಗಡದೋರು ಪಕ್ಷೇತರರು. ನಮ್ಗೆ ವಿರೋಧ ಪಕ್ಷ.”

“ಒಳ್ಳೇದೇ ಅಲ್ವಾ ಸಾರ್, ಮಾತಾಡೋಕೆ ಜಾಸ್ತಿ ಅವಕಾಶ.”

“ಮಸೂದೆ ಏನಂತ ಓದಿ ಮೊದ್ಲು.”

ಓದಿದೆ. ಭಯೋತ್ಪಾದನೆಯನ್ನು ಸಾಕುವ ವಿದೇಶಿ ಸರ್ಕಾರವನ್ನು ಅಧಿಕೃತವಾಗಿ ಹಾಗೆಂದು ಘೋಷಿಸುವ ಮಸೂದೆ. ಘೋಷಣೆಯಾದ ಕ್ಷಣದಿಂದ ಆ ದೇಶದ ಜೊತೆ ವ್ಯಾಪಾರ ಬಂದ್, ಓಡಾಟ ಬಂದ್, ಆಟ ಪಾಟ ಬಂದ್, ‘ಯಾವುದೇ ರೀತಿಯ ಮಾತುಕತೆ, ಸಂಪರ್ಕ ಇರತಕ್ಕದ್ದಲ್ಲ’. ಯಾವ ದೇಶ ಎಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಹೆಸರು ಎಲ್ಲರ ಬಾಯಲ್ಲೇ ಇತ್ತು.

“ಇದನ್ನ ವಿರೋಧ ಮಾಡಿದ್ರೆ ನಾವು ಯಾರ್ ಕಡೇರಾಗ್ತೀವಿ ಮೇಡಂ? ನಂದು ಇನ್ನೊಂದೇ ವರ್ಷ ಸರ್ವಿಸು. ಒಂದ್ ಕೆಲ್ಸ ಮಾಡಾಣ. ವಿರೋಧ ಪಕ್ಷದೋರು ಎದ್ದು ‘ಬೆಂಬಲ’ ಅಂತ ಹೇಳಿ ಕೂತ್ಕಂಡ್ಬುಡ್ಲಿ.”

“ಹಾಗಾದ್ರೆ ಅದು ಸಂಸತ್ತಾಗಲ್ಲ ಸಾರ್, ಭಜನೆ ಆಗುತ್ತೆ” ಅಂದೆ. ಇಂಥದೇ ಒಂದು ಖಾಸಗಿ ಮಸೂದೆ ಹಿಂದೆ ದೆಹಲಿಯ ಸಂಸತ್ತಿನಲ್ಲೂ ಬಂದಿತ್ತು, ಇಂಥ ಕಾನೂನು ಮಾಡಿಕೊಂಡರೆ ನಮ್ಮ ಕೈಯನ್ನು ನಾವೇ ಕಟ್ಟಿಹಾಕಿಕೊಂಡಂತೆ ಎಂದು ಸರ್ಕಾರವೇ ಬೇಡ ಅಂದಿತ್ತು ಎಂದು ನಾನು ಓದಿದ್ದೆ. ಅದನ್ನು ಹೇಳಿದೆ. ರಂಗಸ್ವಾಮಯ್ಯನವರ ಮುಖ ಅರಳಿತು. “ಹಂಗಾದ್ರೆ ವಿರೋಧ ಮಾಡೋದು ಅಂದ್ರೆ ಸರ್ಕಾರದ ಪರವೇ ಆಯ್ತಲ್ಲ ಮೇಡಂ! ಮೊದ್ಲೇ ಹೇಳ್ಬಾರ್ದಾ?”

ಆದರೆ ಮಕ್ಕಳನ್ನು ಹುಡುಕುವುದು ಅಷ್ಟು ಸಲೀಸಾಗಲಿಲ್ಲ. ನಮ್ಮ ಕಡೆ ಯಾವ ಮನೆಯವರಿಗೂ ತಮ್ಮ ಮಗ ವಿರೋಧ ಪಕ್ಷದಲ್ಲಿ ಕೂರುವುದು ಬೇಕಿಲ್ಲ. ಆಟಕ್ಕಾದರೂ ಆಳುವ ಕಡೆಯೇ ಕೂರಬೇಕು. ಒಬ್ಬ ತಂದೆ ಹೊಲದಿಂದ ನೇರವಾಗಿ, ಕಡ್ಲೆಕಾಯಿ ಕಿತ್ತ ಮಣ್ಣಿನ ಕೈಯಲ್ಲೇ ಬಂದು, “ನಮ್ಮುಡುಗುನ್ನ ಆ ಕಡೀಕ್ ಹಾಕ್ಬುಟ್ರಂತಲ್ಲ ಮೇಡಂ, ಅವ್ನೇನ್ ತಪ್ ಮಾಡವ್ನೆ?” ಎಂದು ಕೇಳಿದರು. ಇದ್ದುದರಲ್ಲಿ ಮಂಜುನಾಥ ಎಂಬ ಹುಡುಗ ಒಪ್ಪಿದ. ಅವನಿಗೆ ಬೇಕಾಗಿದ್ದುದು ಸಭಾತ್ಯಾಗ ಮಾತ್ರ. “ಒಂದ್ ಮಾತೂ ಆಡಲ್ಲ ಮಿಸ್, ಎದ್ದು ಕಾಗ್ದ ಹರ್ದಾಕಿ ಈಚೆಗೆ ಬಂದ್ಬುಡ್ತೀನಿ” ಅಂದ.

ನಾಯಕಿಯ ಜಾಗಕ್ಕೆ ತಾನಾಗಿ ಕೈ ಎತ್ತಿದವಳು ಶಾಹಿನಾ. ಹತ್ತನೇ ಕ್ಲಾಸಿನ ಹುಡುಗಿ, ಕಡ್ಡಿಯಂಥ ಮೈ, ಅರ್ಧ ಮಾರ್ಕಿಗೂ ಜಗಳಕ್ಕೆ ಬರುವ ಬಾಯಿ. ಯಾಕಮ್ಮ ನಿನಗೆ ಇದು ಅಂದರೆ, “ವಿರೋಧ ಪಕ್ಷದ ನಾಯಕರಿಗೆ ಕ್ಯಾಬಿನೆಟ್ ದರ್ಜೆ ಇರುತ್ತೆ ಅಂತ ನೀವೇ ಹೇಳಿದ್ರಲ್ಲ ಮಿಸ್” ಅಂದಳು. ನಾನು ಹೇಳಿದ್ದನ್ನು ನೆನಪಿಟ್ಟುಕೊಂಡ ಮಗು ಆ ಶಾಲೆಯಲ್ಲಿ ಅವಳೊಬ್ಬಳೇ. ಅವತ್ತೇ ನನಗೆ ಅವಳ ಮೇಲೆ ಪ್ರೀತಿ ಹುಟ್ಟಿತು.

ಹೆಡ್ ಮಾಸ್ಟ್ರು ನನ್ನನ್ನು ಆಫೀಸಿಗೆ ಕರೆದು ಬಾಗಿಲು ಮುಂದಕ್ಕೆ ಹಾಕಿದರು. “ಆ ಮಗು ಬ್ಯಾಡ ಮೇಡಂ. ನಾನು ಬೇರೆ ಅರ್ಥದಲ್ಲಿ ಹೇಳ್ತಿಲ್ಲ.”

“ಮತ್ತೆ ಯಾವ ಅರ್ಥದಲ್ಲಿ ಸಾರ್?”

ಅವರು ಸ್ವಲ್ಪ ಹೊತ್ತು ಯೋಚಿಸಿ, “ಬೇರೆ ಅರ್ಥದಲ್ಲಿ ಅಲ್ಲ” ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಹೆದರಿಕೆ ಅವರಿಗೆ ಶೀತದ ಹಾಗೆ ಹತ್ತಿಕೊಂಡಿತ್ತು, ಯಾವ ಗಾಳಿ ಬೀಸಿದರೂ ಸೀನುತ್ತಿದ್ದರು.

ನನಗೆ ಅವರ ಮೇಲೆ ರೇಗಿಹೋಯಿತು. ಆದರೆ ಮಾರನೇ ದಿನ ಶಾಹಿನಾಳ ತಂದೆ ಮಹಬೂಬ್ ಸಾಬ್ರು ಮೊಪೆಡ್ ಮೇಲೆ ಬಳೆಯ ಪೆಟ್ಟಿಗೆ ಕಟ್ಟಿಕೊಂಡೇ ಶಾಲೆಗೆ ಬಂದು ಅದೇ ಮಾತು ಹೇಳಿದಾಗ ರೇಗಲು ಆಗಲಿಲ್ಲ. ಶಿರಾ ಸಂತೆಯೂ ಸೇರಿ ಸುತ್ತಲ ಸಂತೆಗಳಲ್ಲೆಲ್ಲ ಬಳೆ ಇಡುವವರು ಅವರು. ಸಣ್ಣ ದನಿ, ದೊಡ್ಡ ಕೈ.

“ನಮ್ ಹುಡ್ಗಿ ಬಾಯಲ್ಲಿ ಈ ಮಾತು ಬ್ಯಾಡ ಮೇಡಂ. ನಂದು ಹೆಂಗಸ್ರ ಕೈ ಹಿಡ್ಯೋ ರೋಜ್‌ಗಾರು. ಗೌಡ್ರ ಮನೆ ಅಮ್ಮ, ಕುರುಬ್ರ ಮನೆ ಅಮ್ಮ, ಎಲ್ರೂ ನಂಬ್ಕೆ ಮೇಲೆ ಕೈ ಕೊಡ್ತಾರೆ. ಯಾವನೋ ಮೊಬೈಲಲ್ಲಿ ಒಂದ್ ತುಂಡು ಹಿಡ್ದು ವಾಟ್ಸಾಪಿಗೆ ಬಿಟ್ಟ ಅಂದ್ರೆ ಮುಗೀತು. ನಾಳೆ ನನ್ ಮುಂದೆ ಯಾರು ಕೈ ಚಾಚ್ತಾರೆ?”

ಶಾಹಿನಾ ಬಾಗಿಲಲ್ಲೇ ನಿಂತಿದ್ದಳು. “ಅಬ್ಬಾಜಾನ್, ಶುರುವಲ್ಲೇ ಹೇಳ್ತೀನಿ, ಭಯೋತ್ಪಾದನೆ ಸಾಕೋರಿಗೆ ಶಿಕ್ಷೆ ಆಗ್ಬೇಕು ಅಂತ. ಅದೇ ಮೊದಲ್ನೇ ವಾಕ್ಯ.”

“ಮೊದಲ್ನೇ ವಾಕ್ಯ ಯಾರೂ ವಿಡಿಯೋ ಮಾಡಲ್ಲ ಬೇಟಾ” ಅಂದರು ಸಾಬ್ರು.

ಹುಡುಗಿಯ ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಅವಳು ಒರೆಸಿಕೊಳ್ಳಲೂ ಇಲ್ಲ. ಅದು ಕಂಡಿದ್ದರಿಂದಲೋ ಏನೋ, ಸಾಬ್ರೇ ಒಂದು ದಾರಿ ಹೇಳಿದರು. ಭಾಷಣದ ಒಂದೊಂದು ವಾಕ್ಯವನ್ನೂ ಬೇರೆ ಬೇರೆಯಾಗಿ ಅವರ ಮುಂದೆ ಹೇಳಬೇಕು. ಹಿಂದಿಲ್ಲದೆ ಮುಂದಿಲ್ಲದೆ, ಅದೊಂದನ್ನೇ ಯಾರಾದರೂ ಕತ್ತರಿಸಿ ಹಾಕಿದರೂ ತಪ್ಪು ಕಾಣಬಾರದು. ಹಾಗಿದ್ದರೆ ಆಗಬಹುದು.

ಹೀಗೆ ನಮ್ಮ ತುಂಡು ಪರೀಕ್ಷೆ ಶುರುವಾಯಿತು. ಆ ವರ್ಷ ಹಿಂಗಾರು ಮಳೆ ಬಿಡದೆ ಹಿಡಿದಿತ್ತು. ಬೆಳಿಗ್ಗೆ ಬಿಸಿಲು ಕಂಡು ಕಡ್ಲೆಕಾಯಿ ಹರಡುವುದು, ಮಧ್ಯಾಹ್ನ ಮೋಡ ಕಂಡು ಟಾರ್ಪಾಲು ಹೊದಿಸಲು ಇಡೀ ಊರು ಓಡುವುದು. ಸಂಜೆ ಗೌರಮ್ಮನವರ ಜಗಲಿಯ ಮೇಲೆ ನಾನು, ಶಾಹಿನಾ, ಸಂತೆ ಮುಗಿಸಿ ಬಂದ ಸಾಬ್ರು ಕೂರುತ್ತಿದ್ದೆವು. ಸಾಬ್ರು ಕಣ್ಣು ಮುಚ್ಚಿ ಕೇಳುತ್ತಿದ್ದರು.

“‘ಈ ಮಸೂದೆಯನ್ನು ನಾನು ವಿರೋಧಿಸುತ್ತೇನೆ.’”

“ಕಟ್. ಜೈಲು.”

“‘ಈ ಮಸೂದೆಯಲ್ಲಿ ಕೆಲವು ಕೊರತೆಗಳಿವೆ.’”

“ಏನ್ ಕೊರತೆ ಅಂತ ಜನ ಅವ್ರೇ ತುಂಬ್ಸ್ಕಂತಾರೆ. ಕಟ್.”

“‘ನೆರೆಯವರ ಜೊತೆ ಮಾತುಕತೆ ಬೇಕು.’”

“ಯಾ ಅಲ್ಲಾ, ಇದೊಂದೇ ಸಾಕು ನನ್ನ ಅಂಗಡಿ ಎತ್ಸೋಕೆ.”

ವಾರ ಕಳೆಯುವುದರೊಳಗೆ ಭಾಷಣ ಎಷ್ಟು ಸುರಕ್ಷಿತವಾಯಿತೆಂದರೆ ಅದರಲ್ಲಿ ಏನೂ ಉಳಿಯಲಿಲ್ಲ. ನಮಸ್ಕಾರ, ದೇಶ ದೊಡ್ಡದು, ಯೋಧರು ದೊಡ್ಡವರು, ವಂದನೆಗಳು. ಹೆಡ್ ಮಾಸ್ಟ್ರು ಕೇಳಿ, “ಈಗ ಚೆನ್ನಾಗಾಯ್ತು ನೋಡಿ” ಎಂದು ಮೆಚ್ಚಿದರು. ಶಾಹಿನಾ ಮಾತ್ರ, “ಇದನ್ನ ಹೇಳೋಕೆ ನಾನ್ಯಾಕೆ ಬೇಕು ಮಿಸ್? ಯಾರಾದ್ರೂ ಹೇಳ್ಬೋದು” ಅಂದಳು. ನನಗೂ ಸಂಕಟವಾಯಿತು, ಬೇಡವೆಂದು ಕೈಬಿಡುವ ಯೋಚನೆ ಬಂದದ್ದು ಆ ದಿನವೇ.

ಅದೇ ವಾರ ಗೌರಮ್ಮನವರು ಮಗಳ ಬಾಣಂತನಕ್ಕೆ ಹಾಲು ಬೇಕೆಂದು ಎಮ್ಮೆಯನ್ನು ಮಗಳ ಊರಿಗೆ ಹೊಡೆಸಿದ್ದರು. ಅಂಗಳದಲ್ಲಿ ಬರಿ ಗೂಟ. ಎಮ್ಮೆಯ ಮಾತಿಲ್ಲದೆ ಕೋಳಿಯ ಉತ್ತರವೂ ಬರದೆ, ಎರಡೂ ಮನೆಯ ನಡುವೆ ಸಮಾಚಾರ ನಿಂತೇಹೋಯಿತು. ತಿಮ್ಮಕ್ಕನಿಗೆ ರೇಷನ್ ತಪ್ಪಿತು. ಇವರಿಗೆ ಗ್ಯಾಸ್ ಗಾಡಿ ಬಂದು ಹೋದದ್ದು ತಿಳಿಯಲಿಲ್ಲ. ಇಬ್ಬರೂ ಬಿಗಿದುಕೊಂಡೇ ಓಡಾಡಿದರು.

ಒಂದು ಸಂಜೆ, ಮಳೆ ಹೊಯ್ದು ಬಿಟ್ಟ ಹೊತ್ತು. ನಾವು ಮೂವರೂ ಜಗಲಿ ಮೇಲಿದ್ದೆವು. ಅಂಗಳ ಗುಡಿಸುತ್ತಿದ್ದ ಗೌರಮ್ಮನವರು ಇದ್ದಕ್ಕಿದ್ದಂತೆ ಪೊರಕೆ ಬಿಸಾಡಿದರು. ಅತ್ತ ನೋಡಿದರು, ಇತ್ತ ನೋಡಿದರು. ನಮ್ಮನ್ನೂ ನೋಡಿದರು, ಆದರೆ ನಾವು ಮನುಷ್ಯರು, ಉಪಯೋಗವಿಲ್ಲ. ಓಡಿಹೋಗಿ ಖಾಲಿ ಗೂಟದ ಮುಂದೆ ನಿಂತು ಕಿರುಚಿದರು.

“ಲೇ ಎಮ್ಮೆ! ನಾಗ್ರಾವು ಆ ಮನೆ ಬಚ್ಚಲ ತೂಬಿನಾಗೆ ನುಗ್ತು ಕಣೇ! ಮಗು ಬಚ್ಚಲ್ ತಾವೇ ಆಡ್ತಾ ಐತೆ, ಎತ್ಕಳೇ! ಎತ್ಕಳೇ!”

ಗೋಡೆಯಾಚೆ ತಿಮ್ಮಕ್ಕನ ಕೂಗು, ಮೊಮ್ಮಗನ ಅಳು, ಜನ ಓಡಿದ ಸದ್ದು. ಕೋಲು ಹಿಡಿದು ಸಾಬ್ರೂ ಓಡಿದರು. ಹಾವು ಬಂದ ದಾರಿಯಲ್ಲೇ ವಾಪಸ್ ಹೋಗಿ ಬೇಲಿ ಸೇರಿತು. ಎಲ್ಲ ತಣ್ಣಗಾದ ಮೇಲೆ ಆಚೆಯಿಂದ ತಿಮ್ಮಕ್ಕನ ದನಿ ಕೇಳಿತು. “ಏ ಕೋಳಿ, ಅವರ್ ಹೊಟ್ಟೆ ತಣ್ಣಗಿರ್ಲಿ ಅಂತ ಹೇಳೇ.” ಗೌರಮ್ಮನವರು ಗೂಟದ ಪಕ್ಕ ಕುಕ್ಕರಗಾಲಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಬಚ್ಚಲ ನೀರಿನ ಜಗಳ ಮಾತ್ರ ಹಾಗೇ ಇತ್ತು, ಮಾರನೇ ದಿನ ಅದೇ ನೀರಿಗೆ ಇಬ್ಬರೂ ಮುಖ ತಿರುವಿದರು.

ಶಾಹಿನಾ ನನ್ನ ತೋಳು ಹಿಡಿದು ಅಲ್ಲಾಡಿಸುತ್ತಿದ್ದಳು. “ಮಿಸ್, ಸಿಕ್ತು! ಮಸೂದೇಲಿ ಗೂಟಾನೇ ಇಲ್ಲ!”

ಅವಳು ಆ ಸಂಜೆ ಎಮ್ಮೆ, ಗೂಟ, ಹಾವು ಮೂರನ್ನೂ ಸೇರಿಸಿ ಒಂದೇ ಉಸಿರಿಗೆ ಹೇಳಿದ್ದನ್ನು ಸಾಬ್ರು ಕಣ್ಣು ಮುಚ್ಚಿ, ಒಂದೊಂದೇ ವಾಕ್ಯ ಕತ್ತರಿಸಿ ನೋಡಿದರು. ಎಲ್ಲಿ ಕತ್ತರಿಸಿದರೂ ಎಮ್ಮೆಯೇ ಸಿಕ್ಕಿತು. ಕೊನೆಗೆ ಕಣ್ಣು ಬಿಟ್ಟು, “ಎಮ್ಮೆ ಮೇಲೆ ಯಾರ್ಗೂ ಕೋಪ ಇಲ್ಲ. ಎಷ್ಟ್ ಬೇಕಾದ್ರೂ ಮಾತಾಡು. ಬಾಯ್ತಪ್ಪಿ ಹಸು ಅಂತ ಮಾತ್ರ ಬರ್ಬಾರ್ದು ನೋಡು” ಅಂದರು. ನಾನು ಬಿದ್ದು ಬಿದ್ದು ನಕ್ಕೆ. ಅವರು ನಗಲಿಲ್ಲ.

ಮಧುಗಿರಿಯಲ್ಲಿ ಆ ದಿನ ಬಿಸಿಲಿತ್ತು. ಸಭಾಂಗಣದ ಕಿಟಕಿಯಿಂದ ಏಕಶಿಲಾ ಬೆಟ್ಟ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಕೊರಟಗೆರೆಯ ಆಡಳಿತ ಪಕ್ಷ ಬಿಳಿ ಜುಬ್ಬಾ, ಹೆಗಲ ಮೇಲೆ ಶಾಲು ಹಾಕಿಕೊಂಡು ಮೊದಲೇ ಬಂದು ಕೂತಿತ್ತು. ಗೃಹ ಸಚಿವ ಚೇತನ್ ಎಂಬ ಹುಡುಗ ಹುಬ್ಬಿನ ಪೆನ್ಸಿಲ್ಲಿನಲ್ಲಿ ಮೀಸೆ ಬರೆಸಿಕೊಂಡಿದ್ದ. ಪಾವಗಡದ ಪಕ್ಷೇತರರು ಬರುವುದು ತಡವಾಯಿತು, ಅವರ ಬಸ್ಸು ಆಂಧ್ರದ ನೆಲ ದಾಟುವಾಗ ಕೆಟ್ಟು ನಿಂತಿತ್ತಂತೆ. ಹಿಂದಿನ ಸಾಲಿನಲ್ಲಿ ಪೋಷಕರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮೊಬೈಲು. ಮಹಬೂಬ್ ಸಾಬ್ರು ಅವತ್ತು ಸಂತೆ ಬಿಟ್ಟು ಬಂದು ಬಾಗಿಲ ಬಳಿ ನಿಂತಿದ್ದರು. ಕುರ್ಚಿ ಖಾಲಿ ಇದ್ದರೂ ಕೂರಲಿಲ್ಲ.

ಗೃಹ ಸಚಿವ ಮಸೂದೆ ಮಂಡಿಸಿದ. ಮೈಕು ಕಿರುಗುಟ್ಟುವಷ್ಟು ಗುಡುಗಿದ. ಚಪ್ಪಾಳೆ ನಿಲ್ಲುವುದಕ್ಕೆ ಕಾದು ಶಾಹಿನಾ ಎದ್ದಳು.

“ಮಾನ್ಯ ಸಭಾಧ್ಯಕ್ಷರೇ, ಭಯೋತ್ಪಾದನೆ ಮಾಡುವವರಿಗೂ ಅವರನ್ನು ಸಾಕುವವರಿಗೂ ಶಿಕ್ಷೆ ಆಗಲೇಬೇಕು. ಈಗ ಸದನದ ಮುಂದೆ ಒಂದು ಎಮ್ಮೆಯ ವಿಷಯ ತರುತ್ತಿದ್ದೇನೆ.”

ಸಭಾಧ್ಯಕ್ಷೆಯಾಗಿದ್ದ ಮಧುಗಿರಿಯ ಹುಡುಗಿ ಗಂಟೆ ಬಾರಿಸಿದಳು. “ಎಮ್ಮೆ ಇಂದಿನ ಕಲಾಪಪಟ್ಟಿಯಲ್ಲಿ ಇಲ್ಲ.”

“ದಯವಿಟ್ಟು ಸೇರಿಸಿಕೊಳ್ಳಿ ಸಭಾಧ್ಯಕ್ಷರೇ, ಪಾಪದ್ದು.”

ಸಭೆ ನಕ್ಕಿತು. ಅವಳು ಬಚ್ಚಲ ನೀರಿನಿಂದ ಶುರುಮಾಡಿ ಖಾಲಿ ಗೂಟದವರೆಗೆ ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಪುಸ್ತಕದ ಕನ್ನಡ ಜಾರಿ ನಮ್ಮೂರ ಕನ್ನಡ ಬಂತು. “ಅವ್ರಿಬ್ರೂ ರಾಜಿ ಆಗಿಲ್ಲ. ಆಗಿ ಅಂತಾನೂ ನಾನು ಹೇಳಲ್ಲ, ನೀರು ಬಿಟ್ಟಿದ್ದು ತಪ್ಪೇ. ಆದ್ರೆ ಹಾವು ಬಂದಾಗ ಕೂಗೋಕೆ ಒಂದು ಗೂಟ ಬೇಕಲ್ವಾ? ಈ ಮಸೂದೆ ಎಮ್ಮೇನೂ ಹೊಡ್ಕೊಂಡು ಹೋಗುತ್ತೆ, ಗೂಟಾನೂ ಕೀಳುತ್ತೆ. ನಮ್ಮ ಮೀನುಗಾರರು ದಾರಿ ತಪ್ಪಿ ಅವ್ರ ಸಮುದ್ರಕ್ಕೆ ಹೋದ್ರೆ ಯಾರಿಗೆ ಹೇಳೋದು? ಅಲ್ಲಿನ ಜೈಲಲ್ಲಿರೋ ನಮ್ಮೋರು ಬದುಕಿದ್ದಾರಾ ಅಂತ ಯಾರನ್ನ ಕೇಳೋದು? ಅದಕ್ಕೇ ಒಂದು ತಿದ್ದುಪಡಿ ಕೇಳ್ತಿದ್ದೀನಿ. ಘೋಷಣೆ ಮಾಡಿ, ಶಿಕ್ಷೆ ಕೊಡಿ, ಪ್ರಾಣದ ವಿಷಯಕ್ಕೆ ಮಾತ್ರ ಒಂದು ದಾರಿ ಇಡಿ.”

ಸಭೆಯಲ್ಲಿ ಚಪ್ಪಾಳೆ ಬಿತ್ತು. ಗೃಹ ಸಚಿವನಿಗೆ ಕಷ್ಟವಾಗಿದ್ದು ಅಲ್ಲೇ. ಅವನ ಮೇಷ್ಟ್ರು ಬರೆದುಕೊಟ್ಟಿದ್ದ ಉತ್ತರ ವಿರೋಧ ಪಕ್ಷದವರು ಶತ್ರುವನ್ನು ಹೊಗಳುತ್ತಾರೆ ಎಂದುಕೊಂಡು ಬರೆದದ್ದು. ಎಮ್ಮೆಗೆ ಅದರಲ್ಲಿ ಉತ್ತರವಿರಲಿಲ್ಲ. ಅವನು ಹಾಳೆ ತಿರುವಿದ, ಮತ್ತೆ ತಿರುವಿದ, ಬೆವರಿಗೆ ಮೀಸೆಯ ಒಂದು ಕಡೆ ಅಳಿಸಿತು. ಕೊನೆಗೆ ಬೆರಳು ಚಾಚಿ ಕೂಗಿಬಿಟ್ಟ.

“ಅಷ್ಟು ಪ್ರೀತಿ ಇದ್ರೆ ನೀವು ಆ ದೇಶಕ್ಕೇ ಹೋಗಿ!”

ಹೆಡ್ ಮಾಸ್ಟ್ರು ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡರು. ಅಲ್ಲಿಯವರೆಗೆ ಮಡಿಲಲ್ಲಿದ್ದ ಮೊಬೈಲುಗಳೆಲ್ಲ ಮೇಲೆದ್ದವು. ನಾನು ಬಾಗಿಲ ಕಡೆ ನೋಡಿದೆ, ಸಾಬ್ರು ಗೋಡೆ ಹಿಡಿದಿದ್ದರು. ನಾನು ಎದ್ದು ಆಟ ನಿಲ್ಲಿಸಬೇಕೆಂದುಕೊಂಡೆ, ಕುರ್ಚಿಯ ತುದಿಗೆ ಸರಿದು ಅಲ್ಲೇ ಉಳಿದೆ. ಇದಕ್ಕೆ ನಾವು ಯಾವ ಸಂಜೆಯೂ ತಯಾರಿ ಮಾಡಿರಲಿಲ್ಲ.

ಶಾಹಿನಾ ಗೃಹ ಸಚಿವನನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಗೋಡೆ ಗಡಿಯಾರ ನೋಡಿದಳು.

“ಮಾನ್ಯ ಸಭಾಧ್ಯಕ್ಷರೇ, ಗೌಡಗೆರೆಗೆ ಕೊನೇ ಬಸ್ ಸಿಗೋದೇ ನನಗೆ ಅನುಮಾನ ಆಗಿದೆ. ಮಾನ್ಯ ಸಚಿವರು ಇನ್ನೂ ದೂರ ಕಳಿಸ್ತಿದ್ದಾರೆ. ದಯವಿಟ್ಟು ಬೇಗ ಮತಕ್ಕೆ ಹಾಕಿ. ನಾನು ನಮ್ಮೂರಿಗೆ ಹೋಗ್ಬೇಕು.”

ಮೊದಲು ನಕ್ಕವರು ಕೊರಟಗೆರೆಯವರೇ. ಆಮೇಲೆ ಇಡೀ ಸಭಾಂಗಣ ನಕ್ಕಿತು, ಗೃಹ ಸಚಿವನೂ ಅರ್ಧ ಮೀಸೆಯಲ್ಲಿ ನಕ್ಕ. ಆ ಗದ್ದಲದಲ್ಲೇ ಪಾವಗಡದ ಓಬಳೇಶ ಎದ್ದ. “ಅಧ್ಯಕ್ಷಾ, ಮಾದಿ ಪಾವಗಡ, ನಮ್ದು ಪಾವಗಡ. ನಾವು ನಮ್ ಜಿಲ್ಲೆಗೆ ಬರ್ಬೇಕಂದ್ರೆ ಆಂಧ್ರ ದಾಟ್ಕಂಡೇ ಬರ್ಬೇಕು. ಅವ್ರ ಜತೆ ನಮ್ಗೆ ನೀರಿಂದು ತಕರಾರು ಐತೆ. ಆದ್ರೂ ಇವತ್ತು ಬಸ್ ಕೆಟ್ಟಾಗ ತಳ್ಳಿದ್ದು ಅವ್ರೇ. ಈಯಮ್ಮ ಹೇಳಿದ್ದಕ್ಕೆ ನಮ್ದು ಓಟು” ಎಂದು ಕೂತ. ಪಕ್ಷೇತರರ ಬಲದಿಂದ ತಿದ್ದುಪಡಿ ಗೆದ್ದಿತು, ತಿದ್ದುಪಡಿಯೊಂದಿಗೆ ಮಸೂದೆಯೂ ಗೆದ್ದಿತು. ಅಷ್ಟೂ ಹೊತ್ತು ಸಭಾತ್ಯಾಗಕ್ಕೆ ಕಾದಿದ್ದ ನಮ್ಮ ಮಂಜುನಾಥ, ಗೆದ್ದ ಮೇಲೂ ಕಾಗದ ಹರಿದು ಹೊರಗೆ ನಡೆದ. ಮೊದಲ ಬಹುಮಾನ ಗೃಹ ಸಚಿವನಿಗೆ, ಗಂಭೀರ ದನಿಗೆಂದು. ಶಾಹಿನಾಗೆ ಸಮಾಧಾನಕರ. ಚೇತನ್ ಆಮೇಲೆ ಅವಳ ಬಳಿ ಬಂದು, “ಸಾರಿ, ಬಾಯಿಗೆ ಬಂದ್ಬುಡ್ತು. ಟೀವಿಲಿ ಹಂಗೇ ಅಂತಾರಲ್ಲ” ಎಂದು ತನ್ನ ಚಕ್ಕುಲಿಯಲ್ಲಿ ಪಾಲು ಕೊಟ್ಟ.

ನಾವು ಹೆದರಿದ್ದು ಮಾರನೇ ದಿನವೇ ನಡೆಯಿತು. ಹೆಡ್ ಮಾಸ್ಟ್ರು ಮೊಬೈಲ್ ಹಿಡಿದು ಓಡಿ ಬಂದರು. “ಮೇಡಂ, ಬಂದ್ಬುಡ್ತು.” ಯಾರೋ ಬಿಟ್ಟಿದ್ದರು. ‘ಆ ದೇಶಕ್ಕೇ ಹೋಗಿ’ಯಿಂದ ‘ನಮ್ಮೂರಿಗೆ ಹೋಗ್ಬೇಕು’ವರೆಗಿನ ಒಂದು ತುಂಡು. ಎಮ್ಮೆ ಇಲ್ಲ, ಗೂಟ ಇಲ್ಲ, ಮೊದಲನೇ ವಾಕ್ಯವೂ ಇಲ್ಲ. ಕೆಳಗೆ ನಗುವವರು ಬಹಳ ಜನ ಇದ್ದರು. ಅವರ ನಡುವೆ ಇನ್ನೊಂದು ಜಾತಿಯ ಮಾತುಗಳೂ ಇದ್ದವು, ಅವನ್ನು ಇಲ್ಲಿ ಬರೆಯುವುದಿಲ್ಲ. ಹೆಡ್ ಮಾಸ್ಟ್ರು ಎಲ್ಲವನ್ನೂ ಓದಿ, ಬಿಪಿ ಏರಿಸಿಕೊಂಡು ರಜೆ ಹಾಕಿದರು.

ಸಾಬ್ರು ಶಾಲೆಗೆ ಬಂದು ಬೆಂಚಿನ ಮೇಲೆ ಕೂತರು. “ನೋಡಿದ್ರಾ ಮೇಡಂ? ಅಷ್ಟು ದಿನ ಕೂತು ಪರೀಕ್ಷೆ ಮಾಡಿದ್ದು ಒಂದು ವಾಕ್ಯಾನೂ ಅದ್ರಲ್ಲಿಲ್ಲ.” ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಆ ವಾರ ಅವರು ಯಾವ ಸಂತೆಗೂ ಹೋಗಲಿಲ್ಲ. ಮೊಪೆಡ್ಡು ಮನೆ ಮುಂದೆಯೇ ನಿಂತಿತ್ತು. ಶಾಹಿನಾ ಕ್ಲಾಸಿನಲ್ಲಿ ಮಾರ್ಕಿಗೆ ಜಗಳ ಆಡುವುದನ್ನೂ ಬಿಟ್ಟಳು. ಒಂದು ದಿನ ಕಾರಿಡಾರಿನಲ್ಲಿ ನಿಲ್ಲಿಸಿ, “ನಾನು ಮಾತಾಡಬಾರ್ದಿತ್ತಾ ಮಿಸ್?” ಎಂದು ಕೇಳಿದಳು. ಮಾತಾಡಬೇಕಾಗಿತ್ತು ಅಂದೆ. ಆ ಮಾತು ನಿಜವೆಂದು ನನಗೆ ಗೊತ್ತಿತ್ತು, ಆದರೂ ಹೇಳುವಾಗ ಭಯವಾಯಿತು.

ಮುಂದಿನ ಶಿರಾ ಸಂತೆಗೆ ಸಾಬ್ರು ಹೊರಟರೆಂದು ತಿಳಿದು ನಾನೂ ಹೋದೆ, ತರಕಾರಿ ನೆಪದಲ್ಲಿ. ಹುಣಸೆ ಮರದ ಕೆಳಗಿನ ತಮ್ಮ ಮಾಮೂಲು ಜಾಗದಲ್ಲಿ ಅವರು ಚಾಪೆ ಹಾಸಿ, ಬಣ್ಣಬಣ್ಣದ ಬಳೆ ಸಾಲಾಗಿ ಜೋಡಿಸಿ ಕೂತಿದ್ದರು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬಳೆಯ ಸಾಲನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದರು. ಜನ ಹಾದು ಹೋಗುತ್ತಿದ್ದರು. ಒಬ್ಬ ಹೆಂಗಸು ನಿಂತು, ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ ಮುಂದೆ ಹೋದಳು. ನಾನು ಎದುರಿನ ಸೊಪ್ಪಿನವಳ ಹತ್ತಿರ ನಿಂತು ಬೇಡದ ಸೊಪ್ಪನ್ನೆಲ್ಲ ಕೊಂಡೆ.

ಬಿಸಿಲು ಏರಿದ ಮೇಲೆ ಒಬ್ಬ ಮುದುಕಿ ಬಂದಳು. ಯಾವ ಊರೋ, ಯಾವ ಜಾತಿಯೋ, ಸೊಂಟದಲ್ಲಿ ಮಂಕರಿ. ಬುಟ್ಟಿ ಇಳಿಸಿ, ಚಾಪೆಯ ಮುಂದೆ ಕೂತು, ಮಣ್ಣು ಮೆತ್ತಿದ ಕೈಯನ್ನು ಸೀರೆಗೆ ಒರೆಸಿ ಚಾಚಿದಳು. ಸಾಬ್ರು ಆ ಕೈಯನ್ನು ಒಂದು ಕ್ಷಣ ನೋಡಿದರು. ಆಮೇಲೆ ಹಿಡಿದರು. ಹಸಿರು ಬಳೆ ಒಂದೊಂದಾಗಿ ಏರಿಸತೊಡಗಿದರು.

“ಮೊಬೈಲ್ನಾಗೆ ಬಂದಿತ್ತಲ್ಲ ಬಸ್ಸಿನ ಹುಡ್ಗಿ, ನಿಮ್ ಮಗ್ಳಂತೆ?” ಮುದುಕಿ ಕೇಳಿದಳು.

ಸಾಬ್ರ ಕೈ ನಿಂತಿತು. “ಹೂಂ ತಾಯಿ” ಅಂದರು ಅವರು, ತಲೆ ಎತ್ತದೆ.

“ಪಾಪ, ಅಷ್ಟೊತ್ತಾಗಿತ್ತು. ಬಸ್ಸು ಸಿಕ್ತೇನಪ್ಪಾ ಅವ್ಳಿಗೆ?”

ಸಾಬ್ರು ತಲೆ ಎತ್ತಿದರು. ಮುದುಕಿ ನಿಜವಾಗಿಯೂ ಅದನ್ನೇ ಕೇಳುತ್ತಿದ್ದಳು. ಮುಷ್ಟಿಯ ಮೇಲೆ ನಿಂತಿದ್ದ ಬಳೆಯನ್ನು ಅವರು ಮೆಲ್ಲಗೆ, ನೋಯದ ಹಾಗೆ ಒಳಕ್ಕೆ ತಳ್ಳಿದರು.

“ಸಿಕ್ತು ಕಣಮ್ಮ” ಅಂದರು. “ಕೂರೋಕೆ ಸೀಟೂ ಸಿಕ್ತು.”